ಮೂರು ಒತ್ತಿರಿ

“ನಮ್ಮ ಕಸಬು ಯಾರೋ ಕದಿಯಾಕತ್ತಾರ,” ಎಂದು ವ್ಯವಸ್ಥಾಪಕ ಜ್ಞಾನದೇವ ಕರೆಗಳ ಪಟ್ಟಿಯನ್ನು ಮೇಜಿನ ಮೇಲೆ ಒಗೆದರು.

ಮನೀಷಾ ನೋಡಿದಳು. ಒಂದೇ ಮೊಬೈಲ್ ನಂಬರು. ದಿನಕ್ಕೆರಡು ಸಲ. ಮಧ್ಯಾಹ್ನ ಒಂದಕ್ಕೆ, ರಾತ್ರಿ ಎಂಟಕ್ಕೆ.

ಕಾಗವಾಡದ ಹತ್ತಿರದ ಆ ಸಕ್ಕರೆ ಕಾರ್ಖಾನೆಯಲ್ಲಿ ಈ ಫೋನ್ ಲೈನ್ ಶುರು ಮಾಡಿದವಳು ಅವಳೇ. ನಿವೃತ್ತರಾಗುವವರ ಅನುಭವ ಅವರದೇ ದನಿಯಲ್ಲಿ ಉಳಿಯಬೇಕು, ಹೊಸಬರು ಕೇಳಿ ಕಲಿಯಬೇಕು. ಒಂದು ಒತ್ತಿದರೆ ಬಾಯ್ಲರ್, ಎರಡಕ್ಕೆ ಟರ್ಬೈನ್, ಮೂರಕ್ಕೆ ಸಕ್ಕರೆ ಪಾಕ. ಹೊಸಬರು ಯಾರೂ ಫೋನ್ ಮಾಡಲಿಲ್ಲ. ತಿಂಗಳುಗಟ್ಟಲೆ ಅವಳು ಖಾಲಿ ಪಟ್ಟಿಗಳನ್ನೇ ಫೈಲಿಗೆ ಸೇರಿಸಿದಳು. ಜೂನ್‌ನಿಂದ ಈ ಒಬ್ಬರು. ಯಾರೋ ಒಬ್ಬರಾದರೂ ಕೇಳುತ್ತಾರಲ್ಲ ಎಂದು ಒಳಗೊಳಗೇ ಖುಷಿಪಟ್ಟಿದ್ದಳು.

ಅವರು ಒತ್ತುತ್ತಿದ್ದುದು ಮೂರನ್ನು ಮಾತ್ರ. ಅದು ಭೀಮಸಿಯವರ ದನಿ. ಮೂವತ್ನಾಲ್ಕು ವರ್ಷ ಪಾಕ ಕುದಿಸಿದವರು. ಕಳೆದ ವರ್ಷ ಶಾಲು ಹೊದಿಸಿ ಬೀಳ್ಕೊಟ್ಟ ಮೇಲೆ ಅವರು ಎಲ್ಲಿದ್ದಾರೆಂದು ಯಾರೂ ವಿಚಾರಿಸಿರಲಿಲ್ಲ.

“ಗಡಿ ಆಚಿ ಫ್ಯಾಕ್ಟರಿಯವ್ರ ಇರಬೇಕು. ಹೊರಗಿನಾವ್ರು ಅಂತ ಗೊತ್ತಾದ್ರ ಇವತ್ತ ಲೈನ್ ಬಂದ್,” ಎಂದರು ಜ್ಞಾನದೇವ.

ಮನೀಷಾ ಆ ನಂಬರಿಗೆ ಫೋನ್ ಮಾಡಿದಳು. ಎತ್ತಿದರು.

“ಯಾರ್ರಿ? ಮಾತಾಡ್ರಿ!” ಎಂದಳು.

ಉಸಿರು ಮಾತ್ರ ಕೇಳಿಸಿತು. ಆಮೇಲೆ ಕಟ್ಟಾಯಿತು.

“ಕಳ್ಳ ಬಾಯಿ ಬಿಡ್ತಾನೇನ್ರಿ?” ಎಂದು ಜ್ಞಾನದೇವ ನಕ್ಕರು.

ಅವಳ ಮೊಬೈಲಿನಲ್ಲಿ ನಂಬರಿನ ಹೆಸರು ತೋರಿಸುವ ಆ್ಯಪ್ ಇತ್ತು; ಪರದೆಯ ಮೇಲೆ ಹೆಸರು ಮೂಡಿತ್ತು: ಪದ್ಮವ್ವ, ಹಾರೂಗೇರಿ.

ಅವಳು ಬಸ್ಸು ಹಿಡಿದಳು. ಪೇಟೆಯಲ್ಲಿ ಕೇಳಿ ಮನೆ ಹುಡುಕುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಬಾಗಿಲ ಚೌಕಟ್ಟು ತಡವುತ್ತ ಮುದುಕಿಯೊಬ್ಬಳು ಬಂದಳು. ಎರಡೂ ಕಣ್ಣು ಬೆಳ್ಳಗೆ.

“ಯಾರ, ತಂಗಿ?”

ಒಳಗಿನಿಂದ ಭೀಮಸಿಯವರ ದನಿ ಕೇಳುತ್ತಿತ್ತು: “ಗಾಜಿನ ಮ್ಯಾಲೆ ಹರಳ ನೋಡ್ರಿ. ಗಡಿಯಾರ ನಂಬಬ್ಯಾಡ್ರಿ, ಕಣ್ಣ ನಂಬ್ರಿ.” ಅವಳೇ ಧ್ವನಿಮುದ್ರಿಸಿದ ಮಾತು.

ಮನೀಷಾಳಿಗೆ ಎಲ್ಲ ಹೊಳೆಯಿತು. ದನಿ ತಗ್ಗಿಸಿದಳು.

“ಕಾಕು, ಭೀಮಸಿ ಕಾಕಾ ತೀರಿಕೊಂಡು ಎಷ್ಟ ದಿನ ಆತ್ರಿ?”

“ಅಯ್ಯ, ನಿನ್ನ ಬಾಯಾಗ ಮಣ್ಣ ಬೀಳ್ಲಿ! ಊಟಕ್ಕ ಕುಂತಾರ. ಬಾ ಒಳಗ.”

ಹೊಸ್ತಿಲು ದಾಟಿದ ಮನೀಷಾ ನಿಂತುಬಿಟ್ಟಳು. ಅಷ್ಟರಲ್ಲಿ ಜ್ಞಾನದೇವರ ಫೋನ್.

“ಸಿಕ್ಕನೇನ್ರಿ? ಹೊರಗಿನಾವ ಹೌದಿಲ್ಲೋ?”

“ಅಲ್ರಿ ಸರ್. ನಮ್ಮವರ ಅದಾರ. ಲೈನ್ ಇರ್ಲಿ.”

ತಾಟಿನ ಮುಂದೆ ಭೀಮಸಿ ಕುಳಿತಿದ್ದರು. ಮೇ ತಿಂಗಳಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದುಹಾಕಿದ್ದ ಗಂಟಲಿಗೆ ಬಿಳಿ ಬಟ್ಟೆ ಕಟ್ಟಿತ್ತು. ಹೆಂಡತಿ ಪದ್ಮವ್ವ ತಡಕಾಡುತ್ತ ಎದುರಿಗೆ ಬಂದು ಕುಳಿತೊಡನೆ, ತಾನು ಇಲ್ಲೇ ಇದ್ದೇನೆಂದು ಅವಳಿಗೆ ತಿಳಿಯಲೆಂದು, ಅವರು ಮೊಬೈಲಿನಲ್ಲಿ ಮತ್ತೆ ಮೂರು ಒತ್ತಿದರು.