ನನ್ನೆದುರು ಮಾಡಿದ ಸಹಿ

ಮೊಹರಿಗೆ ಶಾಯಿ ತಾಗಿಸಿ ಎತ್ತಿದ ವರ್ನೆಲ್, ಕಾಗದದಲ್ಲಿದ್ದ ಹೆಸರು ಕಂಡು ಕೈಯನ್ನು ಅಲ್ಲೇ ನಿಲ್ಲಿಸಿದಳು. ಅದು ಟೋಬಿಯಸ್ ಗೇನ್ಸ್‌ನ ತಪ್ಪೊಪ್ಪಿಗೆ, ಕೆಳಗೆ ಅವನ ಹೆಸರಿನ ಸಹಿ. ಟೋಬಿಯಸ್ ಸೋಮವಾರ ಶೆರೀಫನ ಲಾಕಪ್ಪಿನಲ್ಲಿ ಸತ್ತಿದ್ದ. ನಿನ್ನೆ ಅವನ ಮಣ್ಣಾದ ಮೇಲಿನ ಊಟಕ್ಕೆ ಅವಳೇ ಒಂದು ಪಾತ್ರೆ ಆಲೂಗಡ್ಡೆ ಸಲಾಡ್ ಹೊತ್ತುಕೊಂಡು ಹೋಗಿದ್ದಳು.

ಶೆರೀಫ್ ಹ್ಯಾಸ್ಕಲ್, ಅವಳು ನೋಟರಿ ಕೆಲಸವನ್ನೂ ನಡೆಸುತ್ತಿದ್ದ ಲಾಂಡ್ರಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. "ಕಳೆದ ಶುಕ್ರವಾರದ ತಾರೀಕು ಹಾಕ್ಬಿಡಿ, ಮಿಸ್ ವರ್ನೆಲ್. ಜಡ್ಜ್ ಸಾಹೇಬ್ರು ಕಾಯ್ತಾ ಇದಾರೆ."

"ನೋಟರಿ ಸೀಲು ಬೀಳ್ಬೇಕಾದ್ರೆ ಸಹಿ ಮಾಡ್ದೋನು ನನ್ನೆದುರು ನಿಂತಿರ್ಬೇಕು, ಶೆರೀಫ್. ಕರ್ಕೊಂಡ್ ಬನ್ನಿ."

"ಈ ವಯಸ್ಸಲ್ಲೂ ತಮಾಷೆಗೇನೂ ಕಮ್ಮಿ ಇಲ್ಲ ನಿಮಗೆ." ಅವನು ನಗುತ್ತಲೇ ಇನ್ನೊಂದು ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟ. ಅವಳ ಮಗ ಡೆಸ್ಮಂಡ್‌ನ ಬಿಡುಗಡೆ ಪತ್ರ. ಜಡ್ಜ್ ಆಗಲೇ ಸಹಿ ಹಾಕಿದ್ದರು. "ಟೋಬಿಯಸ್ ಇದ್ದ ಕೋಣೇಲೇ ಇದಾನೆ ನಿಮ್ಮ ಹುಡುಗ. ಪಾಪ, ಈಗ ಒಬ್ನೇ. ಒಂದು ಸೀಲು ಒತ್ತಿ, ರಾತ್ರಿ ಊಟಕ್ಕೆ ಮನೇಲಿರ್ತಾನೆ."

ವರ್ನೆಲ್ ಮಗನ ಹೆಸರನ್ನು ಎರಡು ಸಲ ಓದಿದಳು. ಆಮೇಲೆ ಮೊಹರಿನ ಶಾಯಿಯನ್ನು ಏಪ್ರನ್ನಿಗೆ ಒರೆಸಿ, ಅದನ್ನು ಡಬ್ಬಿಯೊಳಗಿಟ್ಟು ಮುಚ್ಚಿದಳು.

"ಇವತ್ತು ಇದಕ್ಕೆ ಒತ್ತಿದ್ರೆ, ನಾಳೆ ನನ್ನ ಮಗನ ತಪ್ಪೊಪ್ಪಿಗೇನೂ ಹೀಗೇ ಇಲ್ಲಿಗೇ ತರ್ತೀರಿ. ಒತ್ತಲ್ಲ."