ಕಳೆದ ಎರಡು ಅಂಕ

"ಸರ್, ಉಳವಪ್ಪ ಹ್ವಾದ್ನರಿ."

ಗುರುಪುತ್ರಪ್ಪ ಸರ್ ಪೂಜೆಯಲ್ಲಿದ್ದರು. ಎಡ ಅಂಗೈಯ ಇಷ್ಟಲಿಂಗದ ಮೇಲಿಂದ ಬಿಲ್ವದಳ ಜಾರಿ ಚಾಪೆಗೆ ಬಿತ್ತು. ಬಾಗಿಲಲ್ಲಿ ನಿಂತವನು ವಕೀಲ ಬಾಳಾಸಾಹೇಬ. ಒಂಬತ್ತು ವರ್ಷಗಳ ಹಿಂದೆ ಅವರ ಇತಿಹಾಸದ ತರಗತಿಯಲ್ಲಿ ಕುಳಿತಿದ್ದ ವಿದ್ಯಾರ್ಥಿ.

"ಗುಂಜಿ ಹತ್ರ ಹಳಿ ನೋಡಕೋತ ಹೊಂಟಿದ್ನಂತ. ಹಾವು ಕಡದೈತಿ. ಖಾನಾಪುರಕ್ಕ ತರೂದ್ರಾಗ ಜೀವ ಹೋಗೇತಿ."

ಸರ್ ಪೂಜೆಯನ್ನು ಅರ್ಧಕ್ಕೆ ಬಿಡಲಿಲ್ಲ. ಬಿದ್ದ ದಳವನ್ನು ಎತ್ತಿ ಏರಿಸಿದರು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳ ಕರಡಿಗೆಯಲ್ಲಿಟ್ಟರು. ಆಮೇಲೆ ಕೇಳಿದರು:

"ಅವನ ತಾಯಿ ಏನಂದ್ಲು? ನಾ ಬರೂದು ಬ್ಯಾಡ ಅಂದ್ಲೇನು?"

"ಏನೂ ಅಂದಿಲ್ರಿ. ನೀವು ಬರಲಿಲ್ಲಂದ್ರ ಹ್ಯಾಂಗ್ರಿ ಸರ್?"

ಶಿವಬಸವ ನಗರದ ಆ ಮನೆಗೆ ಬೀಗ ಹಾಕಲು ಇನ್ನೊಬ್ಬರಿರಲಿಲ್ಲ. ಸರ್ ಅವರೇ ಹಾಕಿ ಕಾರಿನಲ್ಲಿ ಕುಳಿತರು.

ಕಾರಿನಲ್ಲಿ ಅದೇ ತರಗತಿಯ ಕಾಂತಾ ಇದ್ದಳು. ಈಗ ಬ್ಯಾಂಕಿನಲ್ಲಿ ಅಧಿಕಾರಿ. ಕಾರು ಪೀರಣವಾಡಿ ದಾಟಿತು.

"ನಮ್ಮ ಬ್ಯಾಚಿನ್ಯಾಗ ನೀ ವಕೀಲ, ನಾ ಬ್ಯಾಂಕು," ಎಂದಳು ಕಾಂತಾ. "ಬೀರಣ್ಣ ಸಾಂಬ್ರಾದಾಗ ಮಾಸ್ತರ. ಅಕ್ಕವ್ವ ಡಿಗ್ರಿ ಗ್ವಾಡಿಗೆ ತೂಗಹಾಕಿ ರೊಟ್ಟಿ ಬಡೀತಾಳ. ಪರೀಕ್ಷಾ ಮುಂದ ನಮಗೆಲ್ಲಾ ಪಾಠ ಹೇಳಿಕೊಟ್ಟಾಂವ ಉಳವಪ್ಪ. ಅವಗ ಒಬ್ಬವಗ ಡಿಗ್ರಿ ಇಲ್ಲ."

"ಒಂದ ಅಂಕ, ಕಾಂತಾ. ಮೂವತ್ತೈದಕ್ಕ ಒಂದ ಕಡಿಮಿ."

"ಈಗ ಸುಮ್ಮನಿರೋ," ಎಂದು ಅವಳು ಹಿಂದಿನ ಸೀಟಿನತ್ತ ಕಣ್ಣು ಮಾಡಿದಳು.

ಸರ್ ಕಿಟಕಿಯಾಚೆ ನೋಡುತ್ತಿದ್ದರು.

ಅವರು ತರಗತಿಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಹಾಜರಿ ಸಂಖ್ಯೆ. ಉಳವಪ್ಪ ಮೂವತ್ತೊಂದು. ಅವನು ಎಷ್ಟು ಸರಿಯಾದ ಉತ್ತರ ಹೇಳಿದರೂ "ಕುಳಿತುಕೋ" ಎನ್ನುವರೇ ಹೊರತು ಶಹಬ್ಬಾಸ್ ಎಂದವರಲ್ಲ. ಪಕ್ಷಪಾತ ಎಂಬ ಮಾತಿಗೆ ಅವರು ಪಾಪಕ್ಕೆ ಅಂಜಿದಷ್ಟೇ ಅಂಜುತ್ತಿದ್ದರು.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ವಿಶ್ವವಿದ್ಯಾಲಯದ ಮೌಲ್ಯಮಾಪನಕ್ಕೆ ಹೋಗಿದ್ದರು. ಉತ್ತರಪತ್ರಿಕೆಗಳ ಮೇಲೆ ಹೆಸರಿರಲಿಲ್ಲ, ಗುಪ್ತ ಸಂಖ್ಯೆ ಮಾತ್ರ. ಒಂದು ಪತ್ರಿಕೆ ಬಿಡಿಸಿದೊಡನೆ ಅವರ ಕೈ ನಿಂತಿತು. ಳಕಾರದ ಬಾಲವನ್ನು ಗೆರೆಯ ಕೆಳಗೆ ಎಳೆದು ಬಿಡುವ ಆ ಅಕ್ಷರ ಅವರಿಗೆ ಗೊತ್ತಿತ್ತು. ಅವರದೇ ಅಕ್ಷರದ ಪಡಿಯಚ್ಚು. ಪರೀಕ್ಷೆಯ ವಾರ ಉಳವಪ್ಪ ಜ್ವರದಲ್ಲಿ ಬರೆದಿದ್ದ. ಅರ್ಧಕ್ಕರ್ಧ ಹಾಳೆ ಖಾಲಿ.

ಗುರುತಿನವರ ಪತ್ರಿಕೆ ಬಂದರೆ ಹಿಂತಿರುಗಿಸಬೇಕೆಂಬುದು ನಿಯಮ. ಅವರು ಹಿಂತಿರುಗಿಸಲಿಲ್ಲ. ತಮ್ಮ ಮನಸ್ಸು ಗಟ್ಟಿ ಎಂದು ನಂಬಿದ್ದರು. ಕೂಡಿಸಿದರೆ ಮೂವತ್ತಾರು ಬಂತು. ಮಮತೆಯಿಂದ ಎಲ್ಲಿಯಾದರೂ ಕೈ ಸಡಿಲವಾಗಿದ್ದೀತೆಂದು ಹೆದರಿ ಎರಡು ಕಳೆದರು.

ಈ ಮಾತನ್ನು ಒಬ್ಬರಿಗೆ ಮಾತ್ರ ಹೇಳಿದ್ದರು, ಉಳವಪ್ಪನ ತಾಯಿ ಸಂಗವ್ವನಿಗೆ. ಅಂದಿನಿಂದ ಅವಳು ಅವರೊಡನೆ ಮಾತಾಡಿರಲಿಲ್ಲ. ಉಳವಪ್ಪ ಅಕ್ಟೋಬರ್ ಪರೀಕ್ಷೆಗೆ ಕೂರಲಿಲ್ಲ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಕೆಲಸ ಹಿಡಿದ. ತಾಯಿ ಮಗ ಖಾನಾಪುರ ಸೇರಿದರು.

ಬದುಕಿರುವಾಗಲೇ ಅವಳ ಬಾಯಿಂದ ಒಂದು ಮಾತು ಕೇಳಬೇಕು, ಬೈಗುಳವಾದರೂ ಸರಿ, ಎಂದು ಒಂಬತ್ತು ವರ್ಷ ಅವರು ದಿನವೂ ಲಿಂಗದ ಮುಂದೆ ಬೇಡಿಕೊಂಡಿದ್ದರು.

ಖಾನಾಪುರದ ಸ್ಟೇಷನ್ ಬಳಿಯ ಮನೆಯ ಪಡಸಾಲೆಯಲ್ಲಿ ಉಳವಪ್ಪನನ್ನು ಗೋಡೆಗೆ ಒರಗಿಸಿ ಕುಳ್ಳಿರಿಸಿದ್ದರು. ಹಣೆ ತುಂಬ ವಿಭೂತಿ. ಅಂಗೈಗಳಲ್ಲಿ ಹಳಿಯ ಬೋಲ್ಟು ಬಿಗಿಯುವ ಪಾನಾ ಹಿಡಿದ ಜಡ್ಡು. ಬದಿಯಲ್ಲಿ ಕುಳಿತ ಸಂಗವ್ವನ ಹಣೆಯ ಕುಂಕುಮ ಬೆವರಿಗೆ ಕದಡಿತ್ತು. ಸರ್ ಒಳಗೆ ಬಂದದ್ದನ್ನು ಕಂಡು ತಲೆಯ ಮೇಲೆ ಸೆರಗು ಎಳೆದುಕೊಂಡಳು. ತಲೆ ಎತ್ತಲಿಲ್ಲ.

ಗ್ಯಾಂಗಿನ ಭರಮಣ್ಣ ಕಣ್ಣೊರೆಸುತ್ತ ಹೇಳಿದ: "ನಮ್ಮ ಅರ್ಜಿ ಎಲ್ಲಾ ಇಂವನ ಬರೀತಿದ್ದ್ರಿ. ಬಿ.ಎ. ತಪ್ಪಿದಾಂವ ಅಂತ ಚ್ಯಾಷ್ಟಿ ಮಾಡಿದ್ರ, 'ತಪ್ಪಿದ್ದು ನಾ ಅಲ್ಲಲೇ, ಅಂಕ' ಅಂತ ನಗತಿದ್ದ. ಗುರುಗಳ ಮ್ಯಾಲ ಒಂದ ಕೆಟ್ಟ ಮಾತ ಆಡ್ಲಿಲ್ಲ. ನೀವು ಯಾರ್ರಿ?"

"ಕಾಲೇಜಿನ್ಯಾಗ ಕಲಿಸಿದಾಂವ," ಎಂದರು ಸರ್.

ಸಂಗವ್ವನ ಬೆರಳುಗಳು ಸೆರಗಿನ ಅಂಚನ್ನು ಬಿಗಿಹಿಡಿದವು.

ಮಧ್ಯಾಹ್ನ ರುದ್ರಭೂಮಿಯಲ್ಲಿ ಉಳವಪ್ಪನನ್ನು ಗುಣಿಯೊಳಗೆ ಇಳಿಸಿ ಕೂರಿಸಿದರು. ಅವನ ಲಿಂಗವನ್ನು ಅವನ ಅಂಗೈಯಲ್ಲಿಟ್ಟರು. ಪತ್ರಿ, ವಿಭೂತಿ ತುಂಬಿದರು. ಸರ್ ಜನರ ಹಿಂದೆ, ತಮ್ಮ ವಿದ್ಯಾರ್ಥಿಗಳ ಸಾಲಿನಲ್ಲಿ ನಿಂತಿದ್ದರು. ಖಾನಾಪುರದಲ್ಲಿ ಅವರ ಗುರುತು ಹೆಚ್ಚು ಜನಕ್ಕಿರಲಿಲ್ಲ.

ಕ್ರಿಯೆ ನಡೆಸಲು ಬಂದ ಚನ್ನಬಸಯ್ಯನವರು ಸುತ್ತ ನೋಡಿದರು. "ಮೊದಲನೇ ಮಣ್ಣು ಹಾಕವರು ಯಾರು? ಮುಂದ ಬರ್ರಿ."

ಬಾಳಾಸಾಹೇಬ ನೆಲ ನೋಡಿದ. ಕಾಂತಾ ಬಾಯಿಗೆ ಸೆರಗು ಒತ್ತಿದಳು. ಯಾರೂ ಮುಂದೆ ಬರಲಿಲ್ಲ.

ಆಗ ಸಂಗವ್ವ ಒಂಬತ್ತು ವರ್ಷಗಳ ಮೇಲೆ ಮೊದಲ ಬಾರಿ ಗುರುಪುತ್ರಪ್ಪ ಸರ್ ಅವರತ್ತ ಮುಖ ತಿರುಗಿಸಿದಳು.

"ಹೋಗ್ರಿ," ಎಂದಳು. "ಹಡದ ತಂದಿ ಇದ್ದೂ ಮಂದಿ ಯಾಕ ಮಣ್ಣ ಹಾಕಬೇಕು?"

ಸರ್ ಗುಣಿಯ ಅಂಚಿನಲ್ಲಿ ಮೊಣಕಾಲೂರಿ ಮುಷ್ಟಿ ತುಂಬ ಮಣ್ಣು ತೆಗೆದುಕೊಂಡರು. "ಶಿವನೇ, ನನ್ನ ಮಗನ ಜೀವಾ ನಿನ್ನ ಪಾದದಾಗ ತಂಪ ಇಡು. ನಾ ಕಳದದ್ದು ನೀ ಕೂಡಿಸಿಕೊಡು."