ಕೆಂಪಗಿದ್ದ ಅವ್ವ

ಎಲ್ಲರ ಕಣ್ಣಿಗೂ ಹೊಸ ಲೆನ್ಸ್ ಕೂರಿಸಿದ ಮೇಲೆ ಮಾಸಿದ್ದೆಲ್ಲ ನಿಜಬಣ್ಣದಲ್ಲೇ ಕಾಣುತ್ತಿತ್ತು. ಶಿವಗಂಗಾ ಅವ್ವನ ಹಳೆಯ ಫೋಟೊ ಹಿಡಿದು ಮೌಲಣ್ಣನ ಲೆನ್ಸ್ ಅಂಗಡಿಗೆ ಬಂದಳು.

“ಮೌಲಣ್ಣ, ಈ ನಿಜಬಣ್ಣ ಬಂದ್ ಮಾಡಪ್ಪ. ಅವ್ವ ಮೊದಲಿನಂಗ ಕೆಂಪಗ ಕಾಣ್ಲಿ.”

“ಎಲ್ಲಾರೂ ಬಣ್ಣ ಬರ್ಲಿ ಅಂತಾರ, ನೀವೊಬ್ರು ಹೋಗ್ಲಿ ಅಂತೀರಲ್ರೀ ಅಕ್ಕಾರ!”

ಅದು ಶಿವಗಂಗಾಳ ಮದುವೆಯಲ್ಲಿ ಅರಿಸಿನ ಹಚ್ಚಿದ ದಿನದ ಫೋಟೊ. ಬಣ್ಣ ಮಾಸಿ ಕೆಂಪಾಗಿದ್ದ ಆ ಹಳೆಯ ಫೋಟೊದಲ್ಲಿ ಅವ್ವ ಇಷ್ಟು ವರ್ಷ ಕಳೆಕಳೆಯಾಗಿ ನಗುತ್ತಿದ್ದಳು. ಆ ದಿನ ಅವ್ವನ ಮುಖದ ಹಳದಿಯನ್ನು ಎಲ್ಲರೂ ಅರಿಸಿನವೆಂದೇ ತಿಳಿದಿದ್ದರು. ಮರುತಿಂಗಳು ಕಾಮಾಲೆಯಲ್ಲಿ ಅವ್ವ ಹೋಗಿಬಿಟ್ಟಳು. ಈಗ ಲೆನ್ಸಿನಲ್ಲಿ ಅವ್ವನ ಕಣ್ಣುಗಳೂ ಹಳದಿ ಕಾಣುತ್ತಿದ್ದವು. ಕಣ್ಣಿಗೆ ಯಾರೂ ಅರಿಸಿನ ಹಚ್ಚಿರಲಿಲ್ಲ.

ಮೌಲಣ್ಣ ಅವಳ ಲೆನ್ಸಿನ ನಿಜಬಣ್ಣ ಬಂದ್ ಮಾಡಿದ. ಫೋಟೊ ಮತ್ತೆ ಕೆಂಪಾಯಿತು.

“ಸರಿ ಆತೇನ್ರೀ?”

ಶಿವಗಂಗಾ ಹೂಂ ಅಂದಳು. ಅವಳ ಹೆಬ್ಬೆರಳು ಮಾತ್ರ ಅವ್ವನ ಕಣ್ಣನ್ನು ಒರೆಸುತ್ತಲೇ ಇತ್ತು.